ಅತ್ತಿಗೆಯ ತಟ್ಟೆಯ ಕೊನೆಯ ಸಾಲು

ಕ್ಯಾನ್ಸರನ್ನು ಕೊಲ್ಲುವುದರಲ್ಲಿ ನಮ್ಮ ಅತ್ತಿಗೆಗೆ ಸರಿಸಮ ನಿಲ್ಲುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ; ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ಬೆಳಗ್ಗೆ ಕಾಫಿ ಕುಡಿದು ಕೆಲಸಕ್ಕೆ ಹೋದವರು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಎಷ್ಟು ಕ್ಯಾನ್ಸರ್ ಕೋಶಗಳನ್ನು ನೆಲಕ್ಕೆ ಕೆಡವುತ್ತಿದ್ದರೆಂದರೆ, ಹಳೆಯ ಕಾಲದ ರಾಜರೆಲ್ಲ ಆನೆ ಕುದುರೆ ಸಮೇತ ಬಂದು ವರ್ಷಗಟ್ಟಲೆ ಯುದ್ಧ ಮಾಡಿದರೂ ಅಷ್ಟು ತಲೆ ಉರುಳುತ್ತಿರಲಿಲ್ಲ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ಅರ್ಧ ಕೋಶಗಳು ಪ್ರಾಣ ಬಿಡುತ್ತಿದ್ದವು. ಉಳಿದರ್ಧ ಅವರ ಕನ್ನಡಕ ನೋಡಿ. ಇದನ್ನು ನಾನು ನನ್ನ ಟೈಲರ್ ಅಂಗಡಿಗೆ ಅಳತೆ ಕೊಡಲು ಬಂದ ಪ್ರತಿಯೊಬ್ಬರಿಗೂ ಹೇಳಿದ್ದೇನೆ. ಅಳತೆ ತೆಗೆಯುವಾಗ ಅವರ ಕೊರಳ ಸುತ್ತ ನನ್ನ ಟೇಪು ಇರುತ್ತದೆ ನೋಡಿ, ಯಾರೂ ಎದುರು ಮಾತಾಡುವುದಿಲ್ಲ.

ಅತ್ತಿಗೆಯೆಂದರೆ ನನ್ನ ಒಡಹುಟ್ಟಿದ ಅಣ್ಣನ ಹೆಂಡತಿ. ಗಂಡ ಹೆಂಡತಿ ಇಬ್ಬರೂ ಒಂದೇ ಪ್ರಯೋಗಾಲಯದವರು. ಅಣ್ಣ ಮೇಲಿನ ಮಹಡಿಯಲ್ಲಿ ಹೊಸ ಹೊಸ ಮದ್ದು ಕೂಡಿಸುವವನು. ಅತ್ತಿಗೆ ಕೆಳಗಿನ ಮಹಡಿಯಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ, ಆ ಮದ್ದು ಅವುಗಳ ಮೇಲೆ ನಡೆಯುತ್ತದೋ ಇಲ್ಲವೋ ಎಂದು ನೋಡುವವರು. ಅವರ ಮದುವೆ ಕುದುರಿದ್ದೂ ಆ ಎರಡು ಮಹಡಿಗಳ ನಡುವಿನ ಮೆಟ್ಟಿಲ ಮೇಲೆಯೇ. ಅಣ್ಣ ಒಂದು ಪುಟ್ಟ ಸೀಸೆ ಹಿಡಿದುಕೊಂಡು ಇಳಿದು ಬಂದು “ಇದು ಕೊಲ್ಲುತ್ತಾ ನೋಡಿ” ಅನ್ನುತ್ತಿದ್ದ. ಅತ್ತಿಗೆ ಕೆಲವು ದಿನ ಬಿಟ್ಟು “ಇಲ್ಲ” ಅನ್ನುತ್ತಿದ್ದರು. ಇನ್ನೊಂದು ಸೀಸೆ ಬರುತ್ತಿತ್ತು. “ಇಲ್ಲ.” ಮತ್ತೊಂದು. “ಇಲ್ಲ.” ಕೊನೆಗೊಂದು ದಿನ ಸೀಸೆ ತರದೆ ಬರಿಗೈಯಲ್ಲಿ ಇಳಿದು ಬಂದು ಬೇರೆಯದೇನೋ ಕೇಳಿದನಂತೆ. ಅಣ್ಣ ಅವರ ಬಾಯಿಂದ ಕೇಳಿದ ಮೊದಲ “ಹೂಂ” ಅದು. ಅದಾದ ಮೇಲೆ ಎಷ್ಟೋ ವರ್ಷ ಇನ್ನೊಂದು ಕೇಳಲಿಲ್ಲ.

ನಾನು ಅವರ ಮನೆಗೆ ಬಂದದ್ದು ಒಂದು ವಾರದ ಮಟ್ಟಿಗೆ. ಅಂಗಡಿಯ ಹತ್ತಿರ ಇರಲು ಒಂದು ರೂಮು ಸಿಗುವ ತನಕ ಅಣ್ಣನ ಮನೆಯ ಮೂಲೆಯಲ್ಲಿ ಇದ್ದರಾಯಿತು ಅಂದುಕೊಂಡಿದ್ದೆ. ಆಗ ನನ್ನ ತಲೆಗೂದಲು ಕಪ್ಪಗಿತ್ತು. ರೂಮು ಇನ್ನೂ ಹುಡುಕುತ್ತಿದ್ದೇನೆ. ಅತ್ತಿಗೆ ಮೊದಲ ತಿಂಗಳಲ್ಲಿ ಒಮ್ಮೆ “ಏನಾಯ್ತು ರೂಮು?” ಅಂತ ಕೇಳಿದ್ದುಂಟು, ಆಮೇಲೆ ನನಗೆ ‘ಕತ್ತರಿ’ ಅಂತ ಹೆಸರಿಟ್ಟು, ಊಟದ ಮೇಜಿಗೆ ಮೂರನೆಯ ಕುರ್ಚಿ ತರಿಸಿ, ಕೇಳುವುದನ್ನು ಬಿಟ್ಟರು.

ಅವರ ಕೈ ಎಂಥದ್ದು ಅನ್ನುತ್ತೀರಿ! ದಿನವಿಡೀ ಸ್ಪಿರಿಟ್ ಹಚ್ಚಿ ಹಚ್ಚಿ ಆ ಕೈ ಎಷ್ಟು ಚೊಕ್ಕಟವಾಗಿತ್ತೆಂದರೆ, ಅದರ ಮೇಲೆ ಕೂರಬೇಕಾದರೆ ಸೊಳ್ಳೆ ಕೂಡ ಒಂದು ಸಲ ಕಾಲು ಒರೆಸಿಕೊಳ್ಳುತ್ತಿತ್ತು. ಮನೆಯಲ್ಲಿ ನಾವು ಒಂದು ಲೋಟ ಮುಟ್ಟಬೇಕಾದರೂ ಅವರ ಮುಖ ನೋಡುತ್ತಿದ್ದೆವು. ಬೀದಿಯವರೆಲ್ಲ ಅವರನ್ನು ಡಾಕ್ಟರಮ್ಮ ಅಂತ ಕರೆದು ಮಂಡಿನೋವಿಗೆ ಮದ್ದು ಕೇಳುತ್ತಿದ್ದರು. “ನಾನು ಡಾಕ್ಟರಲ್ಲಪ್ಪ, ತಟ್ಟೆಯೊಳಗಿನ ಕೋಶಕ್ಕೆ ಮಂಡಿ ಇರಲ್ಲ,” ಅನ್ನುತ್ತಿದ್ದರು. ಕೇಳಿದವರು ನಕ್ಕು, ಮರುವಾರ ಸೊಂಟನೋವು ಹಿಡಿದುಕೊಂಡು ಬರುತ್ತಿದ್ದರು.

ಆ ಕೋಶಗಳೋ, ಯಾವ ಕಾಲದಲ್ಲೋ ಯಾವಳೋ ಒಬ್ಬ ಹೆಣ್ಣುಮಗಳ ಎದೆಯ ಗಡ್ಡೆಯಿಂದ ತೆಗೆದವು. ಆಕೆ ಹೋಗಿ ಎಷ್ಟೋ ಕಾಲವಾಯಿತು. ಕೋಶಗಳು ಮಾತ್ರ ಬಾಟಲಿಯಿಂದ ಬಾಟಲಿಗೆ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ದಾಟುತ್ತ ಇವತ್ತಿಗೂ ಬೆಳೆಯುತ್ತಲೇ ಇವೆ. ಅತ್ತಿಗೆ ಅವಕ್ಕೆ ದಿನ ಬಿಟ್ಟು ದಿನ ಗುಲಾಬಿ ಬಣ್ಣದ ನೀರಿನ ಊಟ ಹಾಕಬೇಕು. ಜಾಗ ಸಾಲದಾದಾಗ ಬಿಡಿಸಿ ಬೇರೆ ಬಾಟಲಿಗೆ ಹಾಕಬೇಕು. ಬೂಷ್ಟು ತಗಲಿತೋ, ಎಲ್ಲ ಚೆಲ್ಲಿ ಮೊದಲಿಂದ ಶುರು. ರಜವಿಲ್ಲ, ಜ್ವರವಿಲ್ಲ. ನಮ್ಮ ಬಳಗದ ಮದುವೆಗಳಲ್ಲಿ ಅತ್ತಿಗೆ ಊಟಕ್ಕೆ ನಿಂತದ್ದೇ ಅಪರೂಪ. “ಚಿಕ್ಕೋವು ಕಾಯ್ತಿದಾವೆ, ಹಸಿದಿರ್ತಾವೆ,” ಅಂತ ಹೊರಟುಬಿಡುತ್ತಿದ್ದರು. ಹೊಸದಾಗಿ ಸಂಬಂಧ ಬೆಳೆಸಿದವರು ಇವರಿಗೆ ಸಣ್ಣ ಮಕ್ಕಳು ಬಹಳ ಇರಬೇಕು ಅಂದುಕೊಳ್ಳುತ್ತಿದ್ದರು. “ಕೋಟಿ ಇರಬಹುದು,” ಅಂತ ನಾನು ಅವರನ್ನು ಇನ್ನಷ್ಟು ಗಾಬರಿಗೊಳಿಸುತ್ತಿದ್ದೆ.

ಒಮ್ಮೆ ಊಟದ ಮೇಜಿನ ಹತ್ತಿರ ಕೇಳಿದೆ. “ಅತ್ತಿಗೆ, ಅಣ್ಣ ಅಷ್ಟು ವರ್ಷದಿಂದ ಮೇಲೆ ಕೂತು ಮಾಡೋದಾದ್ರೂ ಏನು?”

ಅಣ್ಣನನ್ನೇ ಕೇಳಬಹುದಿತ್ತು ಅನ್ನುತ್ತೀರಿ. ಅಣ್ಣ ಹುಟ್ಟಿದಂದಿನಿಂದ ಆಡಿದ ಮಾತನ್ನೆಲ್ಲ ಒಂದು ಅಂಚೆ ಕಾರ್ಡಿನ ಮೇಲೆ ಬರೆದರೆ ವಿಳಾಸಕ್ಕೂ, ಕುಶಲಕ್ಕೂ ಇನ್ನೂ ಜಾಗ ಉಳಿಯುತ್ತದೆ.

ಅತ್ತಿಗೆ ಕೈಯಲ್ಲಿದ್ದ ಚಮಚದಿಂದ ನನ್ನ ಕುರ್ಚಿಯನ್ನು ತೋರಿಸಿದರು. “ನೋಡು, ಈ ಜಾತಿ ಕ್ಯಾನ್ಸರು ಹಾರ್ಮೋನು ಸಿಕ್ಕಿದ್ರೆ ಬೆಳೆಯುತ್ತೆ. ಕೋಶದೊಳಗೆ ಹಾರ್ಮೋನಿಗೆ ಅಂತ ಒಂದು ಕುರ್ಚಿ ಇರುತ್ತೆ. ಅದು ಬಂದು ಕೂತ ತಕ್ಷಣ ಕೋಶಕ್ಕೆ ‘ಬೆಳಿ’ ಅಂತ ಅಪ್ಪಣೆ ಸಿಕ್ಕಿದ ಹಾಗೆ. ನಿಮ್ಮಣ್ಣ ಅದೇ ಹಾರ್ಮೋನನ್ನ ತಗೊಂಡು, ಇಲ್ಲಿ ಚೂರು ಕತ್ತರಿಸಿ ಅಲ್ಲಿ ಚೂರು ಹಚ್ಚಿ…”

“ಆಲ್ಟರೇಷನ್!” ಎಂದೆ.

“ಅದೇ. ನಿನ್ನ ಕೆಲಸಾನೇ. ಕುರ್ಚಿಗೆ ಸರಿಯಾಗಿ ಹೊಂದಬೇಕು, ಆದ್ರೆ ಅಪ್ಪಣೆ ಕೊಡಬಾರದು. ಜೊತೆಗೆ ಕೋಶಾನ ಕೊಂದ್ರೆ ಇನ್ನೂ ಸಂತೋಷ.”

ಅಣ್ಣ ತಲೆಯಾಡಿಸಿದ. ಅಂದರೆ ಅವನ ಮಟ್ಟಿಗೆ ಒಂದು ಭಾಷಣ ಮುಗಿಯಿತು.

ಹೀಗೆ ಕತ್ತರಿಸಿ ಹಚ್ಚುತ್ತ ಹಚ್ಚುತ್ತ ಅಣ್ಣನ ತಲೆ ಬೋಳಾಯಿತು. ಕೊನೆಗೊಮ್ಮೆ ಅವನು ಹಾರ್ಮೋನಿನ ಬೆನ್ನಿಗೆ ಉದ್ದನೆಯ ಬಾಲವೊಂದನ್ನು ಅಂಟಿಸಿದ. ಅದಕ್ಕೆ ನಿಜವಾದ ಹೆಸರೊಂದಿತ್ತು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಪ್ಯಾಂಟಿಗೆ ಕಾಜಾ ಗುಂಡಿ ಎಲ್ಲ ಹಾಕಿಬಿಡಬಹುದು. ನಮ್ಮ ಮನೆಯಲ್ಲಿ ಅದು ‘ಬಾಲದವನು’. ಅದು ಅಣ್ಣನ ನಿವೃತ್ತಿಯ ವರ್ಷ. ಅವನ ಜೊತೆಗೆ ಅವನ ಕೆಲಸವೂ ನಿವೃತ್ತಿಯಾಗುವುದೆಂದು ಪ್ರಯೋಗಾಲಯದ ದೊಡ್ಡವರು ಆಗಲೇ ಹೇಳಿಬಿಟ್ಟಿದ್ದರು. ಅಷ್ಟು ವರ್ಷ ನೋಡಿದರೂ ಹಾರ್ಮೋನಿನ ಮದ್ದು ಒಂದೂ ಗೆಲ್ಲಲಿಲ್ಲ, ಮೇಜು ಬೇರೆಯವರಿಗೆ ಬೇಕು. ಒಂದಾದರೂ ಗೆದ್ದು, ಇಲಿಗಳ ಮೇಲೆ ನೋಡುವ ವಿಭಾಗಕ್ಕೆ ದಾಟಿದರೆ ಮಾತ್ರ ಕೆಲಸ ಉಳಿಯುತ್ತದೆ, ಅಣ್ಣನೂ ಅದರ ಜೊತೆ ಉಳಿಯಬಹುದು. ಇಲ್ಲವೆಂದರೆ ಸೀಸೆಗಳೆಲ್ಲ ಡಬ್ಬಿಗೆ, ಅಣ್ಣ ಮನೆಗೆ. ಮನೆಯಲ್ಲಿ ಅಣ್ಣ ಏನು ಮಾಡಿಯಾನು? ಮಾತಾಡಲು ಬಾರದು, ಹೊಲಿಯಲು ಬಾರದು.

ಬಾಲದವನು ಕೆಳಗಿನ ಮಹಡಿಗೆ ಇಳಿದ. ಅತ್ತಿಗೆಯ ಪರೀಕ್ಷೆಯ ತಟ್ಟೆ ಅಂಗೈಯಷ್ಟಗಲ, ಅದರ ತುಂಬ ಸಾಲು ಸಾಲು ಪುಟ್ಟ ಗುಳಿಗಳು. ಒಂದೊಂದು ಗುಳಿಯಲ್ಲೂ ಕೋಶ ಬಿತ್ತಿ, ಮರುದಿನ ಮದ್ದು ಹಾಕಿ, ಕಾವುಪೆಟ್ಟಿಗೆಯಲ್ಲಿ ಬೆಚ್ಚಗೆ ಇಡುತ್ತಾರೆ. ಕೆಲವು ದಿನದ ಮೇಲೆ ಹಳದಿ ಬಣ್ಣವೊಂದನ್ನು ಹನಿಸುತ್ತಾರೆ. ಕೋಶ ಬದುಕಿದ್ದರೆ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಅಣ್ಣನ ಸೀಸೆಗಳ ಪಾಲಿಗೆ ಲೋಕವೆಲ್ಲ ಯಾವಾಗಲೂ ನೇರಳೆ. ಈ ಸಲ ಬಾಲದವನಿದ್ದ ಸಾಲು, ಮೇಲಿಂದ ಕೆಳಗಿನ ತನಕ, ಹಳದಿ!

ಅತ್ತಿಗೆ ನಂಬಲಿಲ್ಲ. ಮತ್ತೆ ಮಾಡಿದರು. ಹಳದಿ. ಇನ್ನೊಮ್ಮೆ ಮಾಡಿದರು. ಹಳದಿ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು. “ರೀ, ಹೂಂ.”

ಅಣ್ಣ ಕುರ್ಚಿಯಿಂದ ಎದ್ದ. ಕೂತ. ಮತ್ತೆ ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೆಲ್ಲ ಇನ್ನೊಮ್ಮೆ ತೊಳೆದ.

ನಾನು ಮರುದಿನ ಅಂಗಡಿಯ ಬಾಗಿಲನ್ನು ಎಂದಿಗಿಂತ ಬೇಗ ತೆರೆದೆ. ಮಧ್ಯಾಹ್ನದೊಳಗೆ ಕ್ಯಾನ್ಸರು ಈ ಲೋಕದಿಂದ ಗಂಟುಮೂಟೆ ಕಟ್ಟಿದೆಯೆಂದು ನಮ್ಮ ಬೀದಿಯ ನಾಯಿಗಳಿಗೂ ಗೊತ್ತಾಗಿತ್ತು. ದೊಡ್ಡವರೂ ಹಿಗ್ಗಿದರು, ಹೊರಗಿನ ತಜ್ಞರನ್ನು ಕರೆಸಿ ತೋರಿಸಿ, ಅವರು ಒಪ್ಪಿದ ಕೂಡಲೇ ಬಾಲದವನನ್ನು ಇಲಿಗಳ ವಿಭಾಗಕ್ಕೆ ಕಳಿಸುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಕಾವುಪೆಟ್ಟಿಗೆ ಕಿರುಚತೊಡಗಿತು.

ಅದು ಹೊಸ ಪೆಟ್ಟಿಗೆ. ಹಳೆಯದು ಬೀರುವಿನಂತೆ ಸುಮ್ಮನೆ ನಿಂತಿರುತ್ತಿದ್ದ ಪ್ರಾಣಿ. ಬಾಲದವನು ಹುಟ್ಟುವ ಸ್ವಲ್ಪ ಮೊದಲು ಅದನ್ನು ತೆಗೆದು, ಒಳಗಿನ ಬೆಚ್ಚನೆ ಗಾಳಿಯನ್ನು ಸುತ್ತಾಡಿಸಲು ಹಿಂದುಗಡೆ ಫ್ಯಾನು ಇರುವ ಹೊಸ ಮಾದರಿಯದನ್ನು ತಂದಿದ್ದರು. ಆ ಫ್ಯಾನು ಈಗ ಕುತ್ತಿಗೆ ಹಿಡಿದ ಕೋಳಿಯಂತೆ ಕೂಗತೊಡಗಿತ್ತು. ಮೆಕ್ಯಾನಿಕ್ಕು ಬಂದು “ಭಾಗ ತರಿಸ್ಬೇಕು, ಅಲ್ಲೀ ತನಕ ಫ್ಯಾನ್ ಬೇಡ” ಅಂತ ವೈರು ಕಿತ್ತು ಹೋದ. ತಜ್ಞರು ಬರುವ ಮೊದಲು ಒಂದು ಹೊಸ ತಟ್ಟೆ ತಯಾರಿರಲಿ ಎಂದು ಅತ್ತಿಗೆ ಆ ವಾರವೂ ಬಾಲದವನನ್ನು ಹಾಕಿದರು.

ನೇರಳೆ. ಪೂರ್ತಿ ಕಡುನೇರಳೆಯಲ್ಲ, ಸ್ವಲ್ಪ ತಿಳಿ. ಆದರೆ ಹಳದಿಯಂತೂ ಅಲ್ಲ.

ಅಣ್ಣ ತನ್ನ ಸೀಸೆ ಕೆಟ್ಟಿರಬೇಕು ಅಂದ. ದೊಡ್ಡವರು ಅತ್ತಿಗೆಯ ಕೋಶ ಕೆಟ್ಟಿರಬೇಕು ಅಂದರು. ನಾನು ಮೆಕ್ಯಾನಿಕ್ಕಿನ ಕಣ್ಣು ಬಿದ್ದಿರಬೇಕು ಅಂದೆ. ಅತ್ತಿಗೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದರೆ ಮನೆಯಲ್ಲಿ ಗೋಡೆ ಗಡಿಯಾರವೂ ತುದಿಗಾಲಲ್ಲಿ ನಡೆಯುತ್ತದೆ.

ಆ ಭಾನುವಾರ ಬೆಳಗ್ಗೆ ಒಗೆದ ಬಟ್ಟೆ ಹರವುವ ಕೆಲಸ ನಮ್ಮಿಬ್ಬರದು. ಹೊರಗೆ ಬಿಸಿಲಿಲ್ಲದ ಚಳಿ. ಹಾಗಾಗಿ ಓಣಿಯಂಥ ನಡುಮನೆಯಲ್ಲಿ, ಕಿಟಕಿಯ ಸರಳಿನಿಂದ ಬಚ್ಚಲ ಬಾಗಿಲ ತನಕ ಹಗ್ಗ ಕಟ್ಟಿ, ಒಂದು ತುದಿಯಲ್ಲಿ ಸ್ಟೂಲಿನ ಮೇಲೆ ಟೇಬಲ್ ಫ್ಯಾನು ಇಟ್ಟಿದ್ದೆವು. ಮೊದಲ ಕಂತು ಬಟ್ಟೆ ಆಗಲೇ ಹಗ್ಗದ ಮೇಲಿತ್ತು. ಅತ್ತಿಗೆ ಎರಡನೆಯ ಕಂತಿಗೆ ಜಾಗ ಮಾಡಲು ಬಟ್ಟೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ಬಂದರು. ಒದ್ದೆ, ಒದ್ದೆ, ಒದ್ದೆ. ಫ್ಯಾನಿನ ಪಕ್ಕದ ಶರ್ಟು ಹಲಗೆಯಂತೆ ಸೆಟೆದಿತ್ತು. ಅದು ನನ್ನ ಶರ್ಟು.

“ಕತ್ತರಿ, ಇದನ್ನ ಯಾವಾಗ ಒಗೆದಿದ್ದು?”

“ಎಲ್ಲದರ ಜೊತೇಲೇ ಅತ್ತಿಗೆ.”

“ಮತ್ತೆ ಇದೊಂದೇ ಯಾಕೆ ಒಣಗಿದೆ?”

“ಫ್ಯಾನ್ ಪಕ್ಕ ಅಲ್ವಾ? ಅದಕ್ಕೇ ನಾನು ನಂದನ್ನ ಯಾವತ್ತೂ ಆ ತುದೀಲೇ ಹಾಕೋದು.” ಗುಟ್ಟು ಬಿಟ್ಟುಕೊಟ್ಟೆನಲ್ಲ ಅನ್ನಿಸಿತು. ಅಷ್ಟು ವರ್ಷ ಅಣ್ಣನ ಶರ್ಟು ನೀರು ಸೋರುತ್ತ ನಡುವೆ ನೇತಾಡಿತ್ತು.

“ಯಾವತ್ತೂ ಆ ತುದೀಲೇ,” ಎಂದರು ಅತ್ತಿಗೆ. ಅವರ ಕೈಯಲ್ಲಿದ್ದ ಹಿಂಡದ ಟವೆಲಿನಿಂದ ನೀರು ಅವರ ಪಾದದ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಅದನ್ನು ಹಾಗೆಯೇ ನನ್ನ ಹೆಗಲ ಮೇಲೆ ಹಾಕಿ, ಪತ್ರಿಕೆ ಓದುತ್ತಿದ್ದ ಅಣ್ಣನ ಎದುರು ಹೋಗಿ ಕೂತರು.

“ರೀ, ಬಾಲದವನು ಕೊಂದಿಲ್ಲ. ಗಾಳಿ ಕೊಂದಿದೆ ಅನ್ಸುತ್ತೆ.”

ಅಣ್ಣ ಪತ್ರಿಕೆ ಇಳಿಸಿದ.

“ಹೊಸ ಮದ್ದನ್ನ ನಾನು ಯಾವಾಗ್ಲೂ ತಟ್ಟೆಯ ಕೊನೇ ಸಾಲಲ್ಲಿ ಹಾಕ್ತೀನಿ. ತಟ್ಟೆ ಇಡೋವಾಗ ಮೊದಲ ಸಾಲು ಬಾಗಿಲ ಕಡೆ, ಕೊನೇದು ಹಿಂದಕ್ಕೆ. ಹಳೇ ಪೆಟ್ಟಿಗೇಲಿ ಅದು ನಡೀತಿತ್ತು, ಫ್ಯಾನೇ ಇರ್ಲಿಲ್ಲ. ಹೊಸದ್ರಲ್ಲಿ ಹಿಂದುಗಡೆ ಫ್ಯಾನು. ಕೊನೇ ಸಾಲಿನ ನೀರು ಆರಿ, ಉಪ್ಪು ಜಾಸ್ತಿಯಾಗಿ, ಕೋಶ ಸತ್ತಿದಾವೆ. ಫ್ಯಾನು ನಿಂತ ವಾರ ಸಾಯ್ಲಿಲ್ಲ ನೋಡಿ.”

“ಮೂರು ಸಲ ಮಾಡಿದ್ಯಲ್ಲ.”

“ಮೂರು ಸಲವೂ ಅದೇ ಜಾಗ. ಕೈ ರೂಢಿ. ತಪ್ಪು ನಂದೇ.”

ಅಣ್ಣ ಕನ್ನಡಕ ತೆಗೆದು ಒರೆಸತೊಡಗಿದ. ಎಷ್ಟು ಹೊತ್ತು ಒರೆಸಿದನೆಂದರೆ ಗಾಜು ಸವೆದು ನಂಬರು ಬದಲಾಗಿರಬೇಕು. ಅವನ ಕೆಲಸ ಉಳಿಯುವುದೋ ಮುಚ್ಚುವುದೋ ಎಂಬುದೆಲ್ಲ ಆ ಒಂದು ಸಾಲು ಹಳದಿಯ ಮೇಲೆ ನಿಂತಿತ್ತು. ಅದನ್ನು ಹೆಂಡತಿಯೇ ಬಂದು ಒರೆಸಿ ಹಾಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ತಜ್ಞರು ಬಂದು ಹೋಗ್ಲಿ ಅತ್ತಿಗೆ. ಆಮೇಲೆ ಹೇಳಿದ್ರಾಯ್ತಪ್ಪ. ಏನು ಮುಳುಗಿ ಹೋಗುತ್ತೆ?”

“ಅಷ್ಟರಲ್ಲಿ ಇಲಿಗೆ ಚುಚ್ಚೋಕೆ ಶುರು ಮಾಡಿರ್ತಾರೆ. ಇಲಿ ಆದ್ಮೇಲೆ ಯಾರಿಗೆ ಚುಚ್ತಾರೆ ಗೊತ್ತಾ? ನಂಬಿಕೊಂಡು ಬಂದಿರೋ ಯಾರೋ ಒಬ್ಬಳಿಗೆ.”

ನಾನು ಒದ್ದೆ ಟವೆಲಿನಿಂದ ಬಾಯಿ ಒರೆಸಿಕೊಂಡೆ.

ಅಣ್ಣ ಕನ್ನಡಕ ಹಾಕಿಕೊಂಡ. “ಅನ್ಸುತ್ತೆ ಅಂದ್ರೆ ಸಾಲದು. ಮತ್ತೆ ಮಾಡು. ಫ್ಯಾನು ರಿಪೇರಿ ಆಗ್ಲಿ, ಅದನ್ನ ಹಾಕಿಕೊಂಡೇ ಮಾಡು. ನಡುವೇನೂ ಹಾಕು, ಕೊನೇಲೂ ಹಾಕು. ಆದ್ರೆ ಯಾವ ಸೀಸೇಲಿ ಏನಿದೆ ಅಂತ ನಿನಗೆ ಗೊತ್ತಿರಬಾರದು. ನನಗೂ.”

“ನಿಮಗ್ಯಾಕೆ?”

“ನನಗೆ ಅದು ಗೆಲ್ಲಬೇಕು ಅಂತ ಆಸೆ. ನಿನಗೆ ನಿನ್ನ ತಪ್ಪನ್ನ ತೋರಿಸಿಕೊಡಬೇಕು ಅಂತ ಹಟ. ಇಬ್ಬರ ಕಣ್ಣನ್ನೂ ನಂಬೋ ಹಾಗಿಲ್ಲ.”

ಅಂಚೆ ಕಾರ್ಡು ಆವತ್ತೇ ತುಂಬಿಹೋಯಿತು.

ಆಸೆಯೂ ಇಲ್ಲದ, ಹಟವೂ ಇಲ್ಲದ, ವಿಜ್ಞಾನವಂತೂ ಮೊದಲೇ ಇಲ್ಲದ ಮನುಷ್ಯ ಮನೆಯಲ್ಲಿ ಒಬ್ಬನೇ ಇದ್ದ. ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ಮೂರು ಬಗೆಯ ಸೀಸೆ: ಒಂದರಲ್ಲಿ ಬಾಲದವನು, ಇನ್ನೊಂದರಲ್ಲಿ ಕೊಲ್ಲುತ್ತದೆಂದು ಎಲ್ಲರಿಗೂ ಗೊತ್ತಿರುವ ಹಳೆಯ ಮದ್ದು, ಮತ್ತೊಂದರಲ್ಲಿ ಮದ್ದು ಕರಗಿಸುವ ಬರಿಯ ನೀರಿನಂಥದ್ದು. ಮೂರೂ ನೋಡಲು ಒಂದೇ ಥರ. ಅವರಿಬ್ಬರನ್ನೂ ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ, ಚೀಟಿ ಕಿತ್ತು, ಸೀಸೆಗಳ ಕುತ್ತಿಗೆಗೆ ನನ್ನ ಅಂಗಡಿಯ ದಾರ ಸುತ್ತಿದೆ. ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ, ಒಂದಕ್ಕೆ ಹಸಿರು. ಯಾವುದಕ್ಕೆ ಯಾವುದು ಎನ್ನುವುದು ಇಡೀ ಲೋಕದಲ್ಲಿ ನನ್ನೊಬ್ಬನ ತಲೆಯಲ್ಲಿ.

ಆ ಕೆಲವು ದಿನ ನಾನು ಪಟ್ಟ ಪಾಡನ್ನು ನನ್ನ ಶತ್ರುವೂ ಪಡಬಾರದು. ಬಾಯಿ ತೆರೆದರೆ ಬಣ್ಣ ಹೊರಬಿದ್ದೀತು ಎಂದು ಮಾತೇ ಬಿಟ್ಟೆ. ಅಳತೆ ಕೊಡಲು ಬಂದವರು ನನ್ನ ಮೌನ ನೋಡಿ ಗಾಬರಿಯಾಗಿ ಹಣ್ಣು ತಂದುಕೊಟ್ಟರು. ಪಕ್ಕದ ಅಂಗಡಿಯವನು ಹಾಡಲು ಕಲಿತ. ಅಷ್ಟು ವರ್ಷ ಅವನಿಗೆ ಸದ್ದಿಲ್ಲದ ಜಾಗವೇ ಸಿಕ್ಕಿರಲಿಲ್ಲವಂತೆ. ಮನೆಯಲ್ಲೋ, ಅಣ್ಣ ಊಟ ಮಾಡುತ್ತ ನನ್ನ ಮುಖವನ್ನು ಮೈಕ್ರೋಸ್ಕೋಪಿನಲ್ಲಿಟ್ಟು ನೋಡುವಂತೆ ನೋಡುತ್ತಿದ್ದ. ಅತ್ತಿಗೆ ಮಾತ್ರ ನೋಡುತ್ತಿರಲಿಲ್ಲ. ನಾನು ಎದುರಿಗೆ ಬಂದರೆ ಬೇಕೆಂದೇ ಕಣ್ಣು ತಿರುಗಿಸುತ್ತಿದ್ದರು.

ಬಣ್ಣ ಹಾಕುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಚೊಕ್ಕ ಬಿಳಿಯ ಸಣ್ಣ ಕೋಣೆ, ಸ್ಪಿರಿಟ್ಟಿನ ವಾಸನೆ, ಮೂಲೆಯಲ್ಲಿ ರಿಪೇರಿಯಾದ ಕಾವುಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಅತ್ತಿಗೆ ತಟ್ಟೆಯನ್ನು ಬೆಳಕಿನ ಮೇಲೆ ಇಟ್ಟರು. ಫ್ಯಾನಿನ ಕಡೆಗಿದ್ದ ಕೊನೆಯ ಸಾಲು ಕೆಂಪು, ಬಿಳಿ, ಹಸಿರು ಅನ್ನದೆ ಒಂದೇ ಸಮ ಹಳದಿ. ಬರಿಯ ನೀರು ಹಾಕಿದ ಗುಳಿಯಲ್ಲೂ ಕೋಶ ಸತ್ತಿದ್ದವು.

“ಗಾಳಿಯೇ,” ಎಂದ ಅಣ್ಣ. ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ನಡುವಿನದು ನೋಡಿ,” ಎಂದರು ಅತ್ತಿಗೆ. ನಡುವೆ ಬಿಳಿ ದಾರದ ಗುಳಿಗಳು ಕಡುನೇರಳೆ, ಕೆಂಪಿನವು ಹಳದಿ. ಹಸಿರಿನವು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ತಿಳಿನೇರಳೆ. “ಬಣ್ಣ ಹಾಕೋ ಮೊದಲೇ ಕೋಶಗಳನ್ನ ನೋಡಿದೀನಿ. ಹಸಿರಿನವು ಸತ್ತಿಲ್ಲ. ಬೆಳೆದೂ ಇಲ್ಲ. ನಾನು ಹಾಕಿದಷ್ಟೇ ಇದಾವೆ. ಕತ್ತರಿ, ಹಸಿರು ಯಾವುದು?”

ಅಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದನ್ನು ಕೊನೆಗೂ ಬಿಟ್ಟೆ. “ಬಾಲದವನು,” ಎಂದೆ. “ಕೆಂಪು ಹಳೇ ಮದ್ದು, ಬಿಳಿ ಬರೀ ನೀರು.”

ಅಣ್ಣ ಸ್ಟೂಲು ಎಳೆದುಕೊಂಡು ಕೂತ. ಅತ್ತಿಗೆ ಎರಡನೆಯ ತಟ್ಟೆಯನ್ನು ತೆಗೆದು ಅವನ ಮುಂದೆ ಇಟ್ಟರು.

“ಇದರಲ್ಲಿ ಮದ್ದಿನ ಜೊತೆಗೆ ನಿಜವಾದ ಹಾರ್ಮೋನನ್ನೂ ಹಾಕಿದ್ದೆ. ಬಿಳಿ ದಾರದವು ಎದ್ದು ಕುಣಿದಿದಾವೆ ನೋಡಿ. ಹಸಿರಿನವು ಮಿಸುಕಿಲ್ಲ.”

“ಅಂದ್ರೆ ಕುರ್ಚಿ ಖಾಲಿ ಇಲ್ಲ.”

“ಖಾಲಿ ಇಲ್ಲ. ಇವನು ಬಂದು ಕೂತಿದಾನೆ. ಅಪ್ಪಣೆ ಕೊಡಲ್ಲ, ಕೊಲ್ಲಲ್ಲ, ಏಳೋದೂ ಇಲ್ಲ. ಹಾರ್ಮೋನು ಬಂದು ಬಾಗಿಲಲ್ಲೇ ನಿಂತಿರುತ್ತೆ.”

ಇಬ್ಬರೂ ಒಟ್ಟಿಗೆ ತಿರುಗಿ ನನ್ನ ಮುಖ ನೋಡಿದರು.

“ನಾನು ಊಟಾನಾದ್ರೂ ಮಾಡ್ತೀನಿ,” ಎಂದೆ.

ಅಣ್ಣ ನಕ್ಕ. ಆ ಕೋಣೆಯಲ್ಲಿ ಅವನು ನಕ್ಕಿದ್ದು ಅದೇ ಮೊದಲು ಅಂತ ಅತ್ತಿಗೆ ಆಮೇಲೆ ಹೇಳಿದರು.

ತಜ್ಞರ ಎದುರು ನಡೆದದ್ದನ್ನು ಅತ್ತಿಗೆ ಹೇಳಿದ ಹಾಗೆ ಬರೆಯುತ್ತಿದ್ದೇನೆ, ನಾನು ಅಲ್ಲಿರಲಿಲ್ಲ. ಅಣ್ಣ ಎದ್ದು ನಿಂತು, ಹಿಂದಿನ ಹಳದಿಯೆಲ್ಲ ಗಾಳಿಯ ಕೆಲಸ, ಬಾಲದವನು ಕೊಲ್ಲುವುದಿಲ್ಲ ಎಂದು ಮೊದಲನೆಯ ಮಾತಿಗೇ ಹೇಳಿಬಿಟ್ಟನಂತೆ. ಅತ್ತಿಗೆ ಎದ್ದು, ತಟ್ಟೆ ಜೋಡಿಸಿದ್ದು ನಾನು, ರೂಢಿಯ ಮೇಲೆ ಒಂದೇ ಜಾಗದಲ್ಲಿ ಹಾಕಿದ್ದು ನಾನು ಎಂದರಂತೆ. ದೊಡ್ಡವರ ಮುಖ ಹಿಂಡಿದ ಬಟ್ಟೆಯಂತಾಯಿತು.

“ಕೊಲ್ಲಲ್ಲ ಅಂದ್ಮೇಲೆ ಇಲಿ ಯಾಕ್ರೀ ಬೇಕು? ಮುಚ್ಚೋಣ ಬಿಡಿ,” ಎಂದರಂತೆ.

“ಇಲಿ ಈಗ ಬೇಡ ಸಾರ್,” ಎಂದರಂತೆ ಅತ್ತಿಗೆ. “ಮುಚ್ಚೋದೂ ಬೇಡ,” ಎಂದು ಎರಡನೆಯ ತಟ್ಟೆಯನ್ನು ಮುಂದಿಟ್ಟರು.

ಬಂದವರಲ್ಲಿ ವಯಸ್ಸಾದ ಹೆಂಗಸೊಬ್ಬರು, ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರು, ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. “ಇದು ಎಷ್ಟು ದಿನ ಹೀಗೆ ಕೂತಿರುತ್ತಮ್ಮ?”

“ಗೊತ್ತಿಲ್ಲ ಡಾಕ್ಟ್ರೇ. ನೋಡಿಲ್ಲ.”

“ನನ್ನ ಹತ್ರ ಬರೋರಿಗೆ ಬೆಳೆಯೋದು ನಿಂತ್ರೂ ಸಾಕಾಗಿರುತ್ತೆ,” ಎಂದು ಆಕೆ ದೊಡ್ಡವರ ಕಡೆ ತಿರುಗಿದರಂತೆ. “ಎಷ್ಟು ದಿನ ಅಂತ ನೋಡೋ ತನಕ ಮೇಜು ಇರಲಿ.”

ಹಾಗೆ ಬಾಲದವನು ಇಲಿಗಳ ಬಳಿಗೆ ಹೋಗಲಿಲ್ಲ, ಡಬ್ಬಿಗೂ ಹೋಗಲಿಲ್ಲ. ಮೇಜು ಉಳಿಯಿತು. ಅಣ್ಣನೂ ಉಳಿದ. ಬಾಲವನ್ನು ಒಂದು ಸಲ ಉದ್ದ ಮಾಡಿ, ಒಂದು ಸಲ ಗಿಡ್ಡ ಮಾಡಿ ಆಲ್ಟರೇಷನ್ ಮುಂದುವರಿಸಿದ. ಅತ್ತಿಗೆ ಆವತ್ತಿನಿಂದ ತಟ್ಟೆಯ ಅಂಚಿನ ಗುಳಿಗಳಿಗೆ ಬರಿಯ ನೀರು ತುಂಬಿಸಿ, ಕೋಶ ಬಿತ್ತುವುದನ್ನೆಲ್ಲ ನಡುವೆಯೇ ಮಾಡಿದರು. ಸಾಲುಗಳ ಜಾಗವನ್ನು ಪ್ರತಿ ಸಲ ಬದಲಾಯಿಸಿದರು. ಸೀಸೆಗಳಿಗೆ ದಾರ ಕಟ್ಟುವ ಕೆಲಸ ನನಗೇ ಖಾಯಂ ಆಯಿತು. ಬಾಲದವನ ತಮ್ಮಂದಿರಲ್ಲಿ ಒಂದಿಬ್ಬರು ಆಮೇಲೆ ಇಲಿಗಳ ತನಕ ಹೋದರು. ಕೆಲವು ಇಲಿಗಳಲ್ಲಿ ಗಡ್ಡೆ ಬೆಳೆಯದೆ ನಿಂತಿತು, ಕೆಲವುಗಳಲ್ಲಿ ನಿಲ್ಲಲಿಲ್ಲ. ಔಷಧದ ಅಂಗಡಿಗೆ ಅವರಲ್ಲಿ ಇನ್ನೂ ಯಾರೂ ಬಂದಿಲ್ಲ. ಬೀದಿಯವರು ಕೇಳುತ್ತಾರೆ, “ಏನಾಯ್ತು ಟೈಲರೇ, ಕ್ಯಾನ್ಸರು ಗಂಟುಮೂಟೆ ಕಟ್ಟಿತ್ತಲ್ಲ?” “ರೈಲು ತಡ,” ಅನ್ನುತ್ತೇನೆ.

ಈಗ ಅತ್ತಿಗೆಗೂ ಕೆಲಸದಿಂದ ಬಿಡುವು. ಅವರ ಕೋಶಗಳನ್ನು ಬೇರೊಬ್ಬರು ನೋಡಿಕೊಳ್ಳುತ್ತಾರೆ. ಮೊದಲ ಕೆಲವು ದಿನ ಅತ್ತಿಗೆ ಅವರಿಗೆ ಫೋನು ಮಾಡಿ ಊಟ ಹಾಕಿದಿರಾ ಅಂತ ಕೇಳಿ ಕೇಳಿ, ಕೊನೆಗೆ ಅಣ್ಣನೇ ಫೋನು ಎತ್ತಿಟ್ಟ.

ಬಟ್ಟೆ ಹಗ್ಗದ ಮೇಲೆ ನನ್ನ ಶರ್ಟಿನ ಜಾಗವೂ ಬದಲಾಗಿದೆ. ಫ್ಯಾನಿನ ಪಕ್ಕ ಈಗ ಅಣ್ಣನದು.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ, ಇದನ್ನು ಬರೆಯಲು ಶುರು ಮಾಡಿದವನು, ಮೊದಲ ಪುಟವನ್ನು ಅತ್ತಿಗೆಗೆ ಓದಿ ಹೇಳಿದೆ. ರಾಜರು, ಆನೆ, ಕುದುರೆ, ಚಪ್ಪಲಿಯ ಸದ್ದಿಗೇ ಸಾಯುವ ಕೋಶಗಳು, ಎಲ್ಲ ಬಂತು. ಅವರು ಮೇಜು ಒರೆಸುತ್ತ ಪೂರ್ತಿ ಕೇಳಿಸಿಕೊಂಡರು.

“ಎಲ್ಲ ಸುಳ್ಳು,” ಎಂದರು. “ನಾನು ಕೊಂದಿದ್ದು ಎಷ್ಟು ಮಹಾ? ಬದುಕಿನ ತುಂಬ ಅವಕ್ಕೆ ಊಟ ಹಾಕಿದೀನಿ.”

“ಹಾಗಾದ್ರೆ ಏನಂತ ಬರೀಲಿ ಹೇಳಿ ಅತ್ತಿಗೆ.”

ಅವರು ಒರೆಸುವ ಬಟ್ಟೆಯನ್ನು ಮಡಚಿ, ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡರು.

“ಸಾಕಿದ್ಲು ಅಂತ ಬರಿ. ಅವನ್ನೂ ಸಾಕಿದ್ಲು, ನಿನ್ನನ್ನೂ ಸಾಕಿದ್ಲು. ಅವಾದ್ರೂ ಹಾಕಿದ್ದನ್ನ ಮಾತಾಡದೆ ತಿಂತಿದ್ವು.”